ಕಿಡ್ನಿ ತೊಂದರೆ ಇರುವ ಮಗನಿಗೆ ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆ, ಮಾತ್ರೆ ಶುರು ಮಾಡಬೇಕಾ?

ದಾವಣಗೆರೆ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 11 ವರ್ಷ. ಪಿಯುವಿ ಅಂತಾರಲ್ಲ, ಹುಟ್ಟಿನಿಂದಲೇ ಮೂತ್ರದ ದಾರಿಗೆ ಪೊರೆ ಅಡ್ಡ ಇರುವುದು, ಅದು ಇತ್ತು. ಹಸುಗೂಸಾಗಿದ್ದಾಗಲೇ ಆಪರೇಷನ್ ಆಗಿದೆ. ಆದರೂ ಕಿಡ್ನಿ ಪೂರ್ತಿ ಸುಧಾರಿಸಲಿಲ್ಲ. ಈಗ ಕಿಡ್ನಿ ಕಾಯಿಲೆಯ ಮೂರನೇ ಹಂತ, ಜಿಎಫ್ಆರ್ (ಕಿಡ್ನಿ ರಕ್ತ ಸೋಸುವ ವೇಗ) 42 ಇದೆ.

ಈ ಸಲ ಬೇರೆ ಟೆಸ್ಟ್ ಜೊತೆಗೆ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಟೆಸ್ಟ್ ಕೂಡ ಮಾಡಿದರು. ಕೊಲೆಸ್ಟ್ರಾಲ್ 214, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಥರದ ಕೊಬ್ಬು) 236, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) 36, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 131. ಊರಿನ ಡಾಕ್ಟರ್ ನೋಡಿದ ತಕ್ಷಣ ಅಟೊರ್ವಾಸ್ಟ್ಯಾಟಿನ್ 10, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಮಾತ್ರೆ ಬರೆದುಕೊಟ್ಟರು. ಬೆಂಗಳೂರಿನ ಕಿಡ್ನಿ ಡಾಕ್ಟರ್‌ಗೆ ರಿಪೋರ್ಟಿನ ಫೋಟೋ ಕಳಿಸಿದೆ. "ಈಗಲೇ ಬೇಡ, ಬಂದಾಗ ನೋಡೋಣ" ಅಂದರು. ಯಾರ ಮಾತು ಕೇಳುವುದು?

ನಮ್ಮ ಮಾವನವರಿಗೂ ಕಿಡ್ನಿ ತೊಂದರೆ ಇದೆ. ಅವರು ಇದೇ ಮಾತ್ರೆ ನುಂಗುತ್ತಾರೆ. "ನನಗೆ ಆಗುವುದು ಮೊಮ್ಮಗನಿಗೆ ಯಾಕೆ ಆಗಲ್ಲ" ಅಂತ ದಿನಾ ಕೇಳುತ್ತಾರೆ. ಹುಡುಗ ತೆಳ್ಳಗಿದ್ದಾನೆ, 27 ಕೆಜಿ. ಕೊಬ್ಬು ಎಲ್ಲಿಂದ ಬಂತು ಅಂತಲೇ ಗೊತ್ತಾಗುತ್ತಿಲ್ಲ. ಸದ್ಯಕ್ಕೆ ಮನೆಯಲ್ಲಿ ತುಪ್ಪ, ಮೊಟ್ಟೆ ಎರಡೂ ಬಂದ್.

ಸ್ಟ್ರಿಪ್ ಡೈರಿ ಅಪ್ಪ, ಮೈಸೂರು:

ಅಕ್ಕ, ಮೊದಲು ಗಾಬರಿ ಬಿಡಿ. ನನ್ನ ಮಗಳಿಗೆ ನೆಫ್ರೋಟಿಕ್ ಸಿಂಡ್ರೋಮ್, ಅಂದರೆ ಕಿಡ್ನಿಯಿಂದ ಯೂರಿನ್‌ಗೆ ಪ್ರೋಟೀನ್ ಸೋರುವ ಕಾಯಿಲೆ. ಮೊದಲ ಸಲ ಬಂದಾಗ ಮುಖ ಊದಿ ಬೆಳಿಗ್ಗೆ ಕಣ್ಣು ತೆರೆಯಲಿಕ್ಕೇ ಆಗುತ್ತಿರಲಿಲ್ಲ. ಆಗ ಅವಳ ಕೊಲೆಸ್ಟ್ರಾಲ್ 480. ನಾಲ್ಕು ವರ್ಷದ ಕೂಸಿಗೆ! ಅವತ್ತು ನಾನು ಹಾರ್ಟ್ ಡಾಕ್ಟರ್ ಹುಡುಕಲಿಕ್ಕೆ ಹೊರಟಿದ್ದೆ. ನಮ್ಮ ಡಾಕ್ಟರ್ ಆ ನಂಬರಿನ ಕಡೆ ತಿರುಗಿಯೂ ನೋಡಲಿಲ್ಲ. "ಸ್ಟಿರಾಯ್ಡ್ ಕೊಡೋಣ, ಯೂರಿನ್‌ನಲ್ಲಿ ಪ್ರೋಟೀನ್ ನಿಂತರೆ ಇದು ತಾನಾಗೇ ಇಳಿಯುತ್ತೆ" ಅಂದರು. ಹಾಗೇ ಆಯಿತು. ಪ್ರೋಟೀನ್ ಕೆಲವೇ ವಾರದಲ್ಲಿ ನಿಂತಿತು. ಕೊಲೆಸ್ಟ್ರಾಲ್ ಇಳಿಯಲಿಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಸಮಯ ಹಿಡಿಯಿತು, ಆದರೆ ಇಳಿಯಿತು. ಕೊಲೆಸ್ಟ್ರಾಲಿಗೆ ಅಂತ ಒಂದು ಮಾತ್ರೆಯನ್ನೂ ಕೊಡಲಿಲ್ಲ.

ಈಗಲೂ ದಿನಾ ಬೆಳಿಗ್ಗೆ ಮೊದಲ ಯೂರಿನ್‌ಗೆ ಸ್ಟ್ರಿಪ್ ಅದ್ದಿ ಬಣ್ಣ ನೋಡುತ್ತೇವೆ. ಹಳದಿ ಇದ್ದರೆ ಸಮಾಧಾನ. ಹಸಿರು ಗಾಢವಾಗಿ ಮೂರು ಪ್ಲಸ್ ಬಂದು, ಮೂರು ದಿನ ಹಾಗೇ ಇದ್ದರೆ ಮರುಕಳಿಸಿದೆ ಅಂತ ಲೆಕ್ಕ. ಡೈರಿಯಲ್ಲಿ ಬರೆದಿಟ್ಟು ಫೋನ್ ಮಾಡುತ್ತೇವೆ.

ನಿಮ್ಮ ಮಗನಿಗೂ ಹೀಗೇ ಇರಬಹುದು.

ಮಕ್ಕಳ ಕಿಡ್ನಿ ವಿಭಾಗದವನು:

ಮೈಸೂರಿನ ಅಣ್ಣ ಹೇಳಿದ್ದು ಅವರ ಮಗಳ ವಿಷಯಕ್ಕೆ ಪೂರ್ತಿ ಸರಿ. ಆದರೆ ಪಿಯುವಿ ಹುಡುಗನ ಕಥೆ ಬೇರೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಈ ವಿಭಾಗದಲ್ಲಿ ಕೆಲಸ ಮಾಡುವ ಡಾಕ್ಟರ್. ಆದರೆ ಮಗುವನ್ನು ನೋಡದೆ ಔಷಧಿ ಹೇಳುವುದಿಲ್ಲ, ಅದು ನೆನಪಿರಲಿ.

ನೆಫ್ರೋಟಿಕ್‌ನಲ್ಲಿ ಕಿಡ್ನಿಯ ಜರಡಿ ತೂತಾಗಿ ಆಲ್ಬುಮಿನ್ ಎಂಬ ಪ್ರೋಟೀನ್ ಯೂರಿನ್ನಲ್ಲಿ ಸೋರಿ ಹೋಗುತ್ತದೆ. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ ಲಿವರ್ ಒಂದೇ ಸಮ ತಯಾರಿಸುತ್ತಾ ಇರುತ್ತದೆ. ಆ ಭರದಲ್ಲಿ ಕೊಬ್ಬು ಹೊರುವ ಪ್ರೋಟೀನುಗಳನ್ನೂ ಜಾಸ್ತಿ ಮಾಡಿ ರಕ್ತಕ್ಕೆ ಬಿಡುತ್ತದೆ. ಜೊತೆಗೆ ರಕ್ತದಿಂದ ಕೊಬ್ಬನ್ನು ತೆಗೆಯುವ ಕೆಲಸವೂ ನಿಧಾನವಾಗುತ್ತದೆ. ಅದಕ್ಕೇ 300, 400, 500 ಹೀಗೆಲ್ಲ ನಂಬರ್ ಬರುತ್ತದೆ. ಸೋರಿಕೆ ನಿಂತರೆ ಕೊಲೆಸ್ಟ್ರಾಲೂ ಇಳಿಯುತ್ತದೆ.

ಜಿಎಫ್ಆರ್ ಕಡಿಮೆ ಇರುವ ಮಕ್ಕಳಲ್ಲಿ ಚಿತ್ರ ಬೇರೆ. ಅಲ್ಲಿ ಏರುವುದು ಮುಖ್ಯವಾಗಿ ಟ್ರೈಗ್ಲಿಸರೈಡ್. ಎಚ್‌ಡಿಎಲ್ ಇಳಿಯುತ್ತದೆ. ಎಲ್‌ಡಿಎಲ್ ಸುಮಾರಾಗಿ ಮಾಮೂಲಿ ಇರುತ್ತದೆ, ಇಲ್ಲ ಸ್ವಲ್ಪ ಮೇಲೆ. ಅಮ್ಮ ಕೊಟ್ಟ ರಿಪೋರ್ಟ್ ನೋಡಿ, ಅಚ್ಚು ಅದೇ ಥರ. ಕಾರಣ ಇಷ್ಟೇ: ಟ್ರೈಗ್ಲಿಸರೈಡನ್ನು ಒಡೆಯುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಕಿಡ್ನಿ ಕಾಯಿಲೆಯಲ್ಲಿ ಮಂಕಾಗುತ್ತದೆ. ಹುಡುಗ ತೆಳ್ಳಗಿದ್ದರೂ ನಂಬರ್ ಏರಬಹುದು. ಇದು ಅಪರೂಪವೂ ಅಲ್ಲ. ಉತ್ತರ ಅಮೆರಿಕದ ಸಿಕೆಐಡಿ ಎಂಬ ಅಧ್ಯಯನದಲ್ಲಿ ಕಿಡ್ನಿ ಕಾಯಿಲೆಯ 391 ಮಕ್ಕಳನ್ನು ನೋಡಿ 2010ರಲ್ಲಿ ಬರೆದರು. ಅವರಲ್ಲಿ ಸುಮಾರು 45% ಮಕ್ಕಳ ಲಿಪಿಡ್‌ನಲ್ಲಿ ಒಂದಲ್ಲ ಒಂದು ಏರುಪೇರು ಇತ್ತು. ಟ್ರೈಗ್ಲಿಸರೈಡ್ ಜಾಸ್ತಿ ಇದ್ದವರೇ 32%.

ಅಮ್ಮಾ, ನನಗೆ ಮೂರು ವಿಷಯ ಬೇಕು. ರಕ್ತ ಯಾವ ಹೊತ್ತಿಗೆ ತೆಗೆದರು? ಯೂರಿನ್ ಪ್ರೋಟೀನ್ ಎಷ್ಟಿದೆ? ಬಿಪಿ ಎಷ್ಟು?

ನ್ಯೂಜೆರ್ಸಿ ಕನ್ನಡಿಗ:

ಇಲ್ಲಿ ನಮ್ಮ ಮಗಳಿಗೆ 14 ವರ್ಷ, ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗಿದೆ. ಇಲ್ಲಿನ ಡಾಕ್ಟರ್ ಸ್ಟ್ಯಾಟಿನ್ ಕೊಡುತ್ತಿದ್ದಾರೆ. ಕಿಡ್ನಿ ಮಕ್ಕಳಿಗೆ ದೊಡ್ಡವರಾದ ಮೇಲೆ ಬರುವ ದೊಡ್ಡ ಅಪಾಯವೇ ಹಾರ್ಟಿನದು ಅಂತ ಹೇಳಿದರು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2006ರಲ್ಲೇ ಇಂಥ ಮಕ್ಕಳನ್ನು ಅತಿ ಅಪಾಯದ ಗುಂಪಿಗೆ ಸೇರಿಸಿದೆ. ಹಾಗಿದ್ದ ಮೇಲೆ ನಮ್ಮೂರ ಕಡೆ ಯಾಕೆ ಕಾಯುವುದು? ಬೇಜಾರಾಗಬೇಡಿ, ಆದರೆ ಇಂಡಿಯಾದಲ್ಲಿ ಹೊಸದು ತಲುಪುವುದು ತಡ.

ಮಕ್ಕಳ ಕಿಡ್ನಿ ವಿಭಾಗದವನು:

ಸರ್, ಇದು ಇಂಡಿಯಾ ಅಮೆರಿಕ ಜಗಳ ಅಲ್ಲವೇ ಅಲ್ಲ. ಕೆಡಿಗೋ ಅಂತ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ ಇದೆ. 2013ರ ಅದರ ಲಿಪಿಡ್ ಮಾರ್ಗಸೂಚಿ ಹೇಳುವುದು ಇದು: ಕಿಡ್ನಿ ಕಾಯಿಲೆ ಇರುವ 18ರ ಒಳಗಿನ ಮಕ್ಕಳಿಗೆ, ಡಯಾಲಿಸಿಸ್ ಮತ್ತು ಟ್ರಾನ್ಸ್‌ಪ್ಲಾಂಟ್ ಆದವರಿಗೂ ಸೇರಿ, ಸ್ಟ್ಯಾಟಿನ್ ಶುರು ಮಾಡದಿರುವುದು ಒಳ್ಳೆಯದು. ಕಾಯಿಲೆ ಗೊತ್ತಾದಾಗ ಒಮ್ಮೆ ಲಿಪಿಡ್ ನೋಡಿ, ಆಮೇಲೆ ವರ್ಷಕ್ಕೊಮ್ಮೆ ನೋಡಿ ಅನ್ನುತ್ತದೆ. ಸ್ಟ್ಯಾಟಿನ್ ಬೇಡ ಅನ್ನುವ ಮಾತು ಕಟ್ಟುನಿಟ್ಟಿನ ಆಜ್ಞೆ ಅಲ್ಲ, ಸಲಹೆ. 10 ದಾಟಿದ ಮಗು, ಎಲ್‌ಡಿಎಲ್ ತುಂಬಾ ಜಾಸ್ತಿ, ಜೊತೆಗೆ ಸಕ್ಕರೆ ಕಾಯಿಲೆ, ಬಿಪಿ, ಅಪ್ಪ ಅಮ್ಮನಿಗೆ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಇಂಥವು ಸೇರಿದರೆ, ಕೂತು ಮಾತಾಡಿ ತೀರ್ಮಾನ ಮಾಡಲಿಕ್ಕೆ ಜಾಗ ಇದೆ. ನಿಮ್ಮ ಮಗಳಿಗೆ ಅಲ್ಲಿನವರು ಹಾಗೆ ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ. ಅದನ್ನು ತಪ್ಪು ಅನ್ನಲಿಕ್ಕೆ ಆಗುವುದಿಲ್ಲ.

ಶುರು ಮಾಡಬೇಡಿ ಅಂತ ಯಾಕೆ ಹೇಳಿದರು? ಪುರಾವೆ ಇರುವುದೆಲ್ಲ ದೊಡ್ಡವರಲ್ಲಿ. 2011ರ ಶಾರ್ಪ್ ಪ್ರಯೋಗದಲ್ಲಿ 9,000ಕ್ಕೂ ಹೆಚ್ಚು ಕಿಡ್ನಿ ರೋಗಿಗಳಿದ್ದರು, ಎಲ್ಲರೂ 40 ದಾಟಿದವರು. ಸಿಮ್ವಾಸ್ಟ್ಯಾಟಿನ್ ಜೊತೆ ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟಾಗ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಥರದ ಘಟನೆಗಳು 17% ಕಡಿಮೆಯಾದವು. ಅದೇ ಡಯಾಲಿಸಿಸ್‌ನಲ್ಲಿ ಇರುವವರ ಮೇಲೆ ಮಾಡಿದ 2005ರ 4ಡಿ, 2009ರ ಅರೋರಾ ಪ್ರಯೋಗಗಳಲ್ಲಿ ಹೇಳಿಕೊಳ್ಳುವಂಥ ಲಾಭವೇ ಕಾಣಲಿಲ್ಲ. ಎಲ್‌ಡಿಎಲ್ ಇಳಿಯಿತು, ಆದರೆ ಜೀವ ಉಳಿಯುವ ಲೆಕ್ಕ ಬದಲಾಗಲಿಲ್ಲ. ಯಾಕೆಂದರೆ ಡಯಾಲಿಸಿಸ್ ಹಂತದಲ್ಲಿ ಹಾರ್ಟಿಗೆ ಕಾಟ ಕೊಡುವುದು ಬರೀ ಕೊಬ್ಬಲ್ಲ. ಬಿಪಿಯಿಂದ ದಪ್ಪಗಾದ ಹಾರ್ಟಿನ ಗೋಡೆ, ಮೈಯಲ್ಲಿ ನಿಂತ ನೀರು, ಏರಿದ ಫಾಸ್ಫರಸ್, ರಕ್ತನಾಳದ ಗೋಡೆಯಲ್ಲಿ ಕೂರುವ ಕ್ಯಾಲ್ಸಿಯಂ, ಎಲ್ಲಾ ಇವೆ.

ದಾವಣಗೆರೆ ಅಮ್ಮನ ಮಾವನವರಿಗೂ ಇದೇ ಉತ್ತರ. 50 ದಾಟಿ ಕಿಡ್ನಿ ಕಾಯಿಲೆ ಇದ್ದರೆ, ಡಯಾಲಿಸಿಸ್ ಇನ್ನೂ ಶುರುವಾಗದಿದ್ದರೆ, ಸ್ಟ್ಯಾಟಿನ್ ಕೊಡಿ ಅಂತ ಅದೇ ಕೆಡಿಗೋ ಹೇಳುತ್ತದೆ. ಒಂದೇ ಪುಸ್ತಕ, ಅಜ್ಜನಿಗೆ ಒಂದು ಪುಟ, ಮೊಮ್ಮಗನಿಗೆ ಇನ್ನೊಂದು ಪುಟ.

ತುಮಕೂರು ರಾಜಣ್ಣ:

ಮಾತ್ರೆಗೀತ್ರೆ ಯಾಕೆ? ಬೆಳ್ಳುಳ್ಳಿ ಎರಡು ಎಸಳು, ಮೆಂತ್ಯ ನೆನೆಸಿದ ನೀರು, ಮತ್ತಿ ಚಕ್ಕೆ ಕಷಾಯ. ನಮ್ಮ ಅಣ್ಣನಿಗೆ ಆರು ತಿಂಗಳಲ್ಲಿ ಕೊಲೆಸ್ಟ್ರಾಲ್ ನಾರ್ಮಲ್. ಬೆಳಿಗ್ಗೆ ಓಟ್ಸ್, ರಾತ್ರಿ ಬರೀ ಹಣ್ಣು, ನಾಲ್ಕು ಬಾದಾಮಿ. ಉಪ್ಪಿನ ಬದಲು ಲೋ ಸೋಡಿಯಂ ಉಪ್ಪು.

ರೀನಲ್ ಡಯಟ್ ಅಕ್ಕ:

ರಾಜಣ್ಣ, ನಿಮ್ಮ ಅಣ್ಣನಿಗೆ ಒಳ್ಳೆಯದಾಗಿದ್ದು ಸಂತೋಷ. ಆದರೆ ಈ ಪಟ್ಟಿಯನ್ನು ಕಿಡ್ನಿ ಮಗುವಿಗೆ ಹಾಗೇ ಕೊಟ್ಟರೆ ಆಸ್ಪತ್ರೆ ಸೇರಬೇಕಾಗುತ್ತದೆ. ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ತೆಗೆದು ಹಾಕುವುದು ಪೊಟ್ಯಾಸಿಯಂ ಕ್ಲೋರೈಡ್. ಕಿಡ್ನಿ ಸರಿ ಕೆಲಸ ಮಾಡದ ಮಗುವಿಗೆ ಪೊಟ್ಯಾಸಿಯಂ ಏರಿದರೆ ಹಾರ್ಟಿನ ಬಡಿತವೇ ತಪ್ಪುತ್ತದೆ. ದಯವಿಟ್ಟು ಯಾರೂ ಅದನ್ನು ಕೊಡಬೇಡಿ. ಬರೀ ಹಣ್ಣಿನ ಊಟ, ಬಾದಾಮಿ ಕೂಡ ರಕ್ತದ ರಿಪೋರ್ಟ್ ನೋಡದೆ ಬೇಡ. ಕಷಾಯ, ಚೂರ್ಣ ಏನೇ ಆಗಲಿ, ಕಿಡ್ನಿ ಡಾಕ್ಟರ್‌ಗೆ ಹೇಳದೆ ಕೊಡಲೇಬೇಡಿ. ಕೆಲವು ಪುಡಿಗಳಲ್ಲಿ ಸೀಸ, ಪಾದರಸ ಇರುತ್ತದೆ.

ಈ ಮಕ್ಕಳ ಊಟದಲ್ಲಿ ಇದೇ ದೊಡ್ಡ ತೊಡಕು ನೋಡಿ. ಹಾರ್ಟಿಗೆ ಒಳ್ಳೆಯದು ಅಂತ ಹೇಳುವ ಹಣ್ಣು, ಕಾಳು, ಬೀಜ, ಸೊಪ್ಪು ಇವುಗಳಲ್ಲೇ ಪೊಟ್ಯಾಸಿಯಂ, ಫಾಸ್ಫರಸ್ ಜಾಸ್ತಿ. ನಮ್ಮ ಬಸ್ಸಾರನ್ನೇ ತಗೊಳ್ಳಿ. ಸೊಪ್ಪು, ಕಾಳು ಬೇಯಿಸಿ ಬಸಿಯುತ್ತೇವೆ. ಪೊಟ್ಯಾಸಿಯಂ ಬೇಕಾದಷ್ಟು ಆ ಕಟ್ಟಿಗೆ ಇಳಿದುಬಿಡುತ್ತದೆ. ಅದೇ ಕಟ್ಟಿನಲ್ಲಿ ಸಾರು ಮಾಡುತ್ತೇವಲ್ಲ! ರಕ್ತದಲ್ಲಿ ಪೊಟ್ಯಾಸಿಯಂ ಜಾಸ್ತಿ ಇರುವ ಮಗುವಿಗೆ ಬಸಿದ ಪಲ್ಯ ಕೊಡಿ, ಕಟ್ಟು ಬೇರೆಯವರಿಗೆ ಇಡಿ. ಪೊಟ್ಯಾಸಿಯಂ ಮಾಮೂಲಿ ಇದ್ದರೆ ಈ ಕಷ್ಟವೇ ಬೇಡ, ಸುಮ್ನೆ ಊಟ ಬಿಗಿ ಮಾಡಬೇಡಿ.

ಅಮ್ಮಾ, ಈಗ ನಿಮ್ಮ ವಿಷಯ. 11 ವರ್ಷಕ್ಕೆ 27 ಕೆಜಿ ಅಂದರೆ ಕಡಿಮೆಯೇ. ಇಂಥ ಹುಡುಗನಿಗೆ ತುಪ್ಪ, ಮೊಟ್ಟೆ ಎರಡೂ ನಿಲ್ಲಿಸಿದರೆ ಬೆಳವಣಿಗೆ ನಿಲ್ಲುತ್ತದೆ. ಟ್ರೈಗ್ಲಿಸರೈಡಿಗೆ ತುಪ್ಪಕ್ಕಿಂತ ಸಕ್ಕರೆಯ ಕಾಟ ಜಾಸ್ತಿ. ತೂಕ ಬರಲಿ ಅಂತ ಹಾಲಿಗೆ ಪುಡಿ, ಗ್ಲೂಕೋಸ್, ಸಂಜೆ ಬೇಕರಿ ಬನ್ನು, ಪ್ಯಾಕೆಟ್ ಜ್ಯೂಸ್ ಕೊಡುತ್ತಿದ್ದೀರಾ? ಮೊದಲು ಅಲ್ಲಿ ಕೈ ಹಾಕಿ. ಕ್ಯಾಲರಿ ಕಡಿಮೆ ಆಗದ ಹಾಗೆ ಅನ್ನ, ದೋಸೆ, ಇಡ್ಲಿಗೆ ಕಡಲೆಕಾಯಿ ಎಣ್ಣೆಯನ್ನೋ ಸೂರ್ಯಕಾಂತಿ ಎಣ್ಣೆಯನ್ನೋ ಹಾಕಿ. ವನಸ್ಪತಿ, ಪಾಮೆಣ್ಣೆಯಲ್ಲಿ ಕರಿದ ಅಂಗಡಿ ತಿಂಡಿ ಬೇಡ.

ಉಪ್ಪಿನ ಬಗ್ಗೆ ಒಂದು ಮಾತು. ಪಿಯುವಿ ಮಕ್ಕಳಲ್ಲಿ ಕೆಲವರಿಗೆ ಯೂರಿನ್ ತುಂಬಾ ಹೋಗುತ್ತದೆ, ಅದರ ಜೊತೆ ಉಪ್ಪೂ ಹೋಗುತ್ತದೆ. ಅಂಥವರಿಗೆ ಉಪ್ಪು ಬಿಡಿಸಿದರೆ ಸುಸ್ತಾಗುತ್ತಾರೆ. ಎಲ್ಲಾ ಕಿಡ್ನಿ ಮಕ್ಕಳಿಗೂ ಉಪ್ಪು ಕಟ್ ಅನ್ನುವ ನಿಯಮ ಇಲ್ಲ.

ದಾವಣಗೆರೆ ಅಮ್ಮ:

ಡಯಟ್ ಅಕ್ಕ, ಮನೆಗೆ ಬಂದು ಅಡುಗೆಮನೆ ನೋಡಿದ ಹಾಗೆ ಹೇಳಿದಿರಿ. ದಿನಕ್ಕೆ ಎರಡು ಲೋಟ ಹಾಲು, ಪ್ರತಿ ಲೋಟಕ್ಕೆ ಪುಡಿ ಮೂರು ಚಮಚ, ಮೇಲೆ ಸಕ್ಕರೆ. ಸ್ಕೂಲಿನಿಂದ ಬಂದರೆ ಗ್ಲೂಕೋಸ್ ನೀರು. ಅವನಿಗೆ ಯೂರಿನ್ ಜಾಸ್ತಿಯೇ, ರಾತ್ರಿ ಎರಡು ಸಲ ಏಳುತ್ತಾನೆ.

ಡಾಕ್ಟರ್ ಸರ್, ರಕ್ತ ಮಧ್ಯಾಹ್ನ ತೆಗೆದದ್ದು, ಊಟದ ನಂತರ. ಬಿಪಿ 118/76. ಯೂರಿನ್ ಪ್ರೋಟೀನ್ ಕ್ರಿಯಾಟಿನಿನ್ ಅನುಪಾತ 1.4 ಅಂತ ಇದೆ.

ಲ್ಯಾಬ್ ಹುಡುಗ:

ಮಧ್ಯಾಹ್ನ ಊಟ ಆದ ಮೇಲೆ ತೆಗೆದಿದ್ದರೆ ಆ 236 ನಂಬಬೇಡಿ. ಟ್ರೈಗ್ಲಿಸರೈಡ್ ಊಟದಿಂದ ಏರುತ್ತದೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಎಷ್ಟೋ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ನಿಮ್ಮದು ನೋಡಿ: 214ರಲ್ಲಿ 36 ಕಳೆದರೆ 178, ಅದರಲ್ಲಿ 47 ಕಳೆದರೆ 131. ಟ್ರೈಗ್ಲಿಸರೈಡ್ ತಪ್ಪಿದರೆ ಎಲ್‌ಡಿಎಲ್ಲೂ ತಪ್ಪುತ್ತದೆ. 400 ದಾಟಿದರಂತೂ ಈ ಸೂತ್ರ ಹಾಕಲೇಬಾರದು.

ಮತ್ತೆ, ರಿಪೋರ್ಟ್ ಪಕ್ಕದಲ್ಲಿ ಅಚ್ಚಾಗುವ ನಾರ್ಮಲ್ ಅಂಕಿಗಳು ಬಹಳಷ್ಟು ಕಡೆ ದೊಡ್ಡವರವು. 150ರ ಒಳಗೆ ಟ್ರೈಗ್ಲಿಸರೈಡ್ ಇದ್ದರೆ ಸರಿ ಅಂತ ಇರುತ್ತದೆ. ಮಕ್ಕಳಿಗೆ 10ರಿಂದ 19 ವಯಸ್ಸಿನಲ್ಲಿ 130, ಒಂಬತ್ತರ ಒಳಗೆ 100 ಮುಟ್ಟಿದರೇ ಜಾಸ್ತಿ.

ಲೀಡ್ಸ್‌ನಿಂದ ಶಿವಮೊಗ್ಗದವಳು:

ಇಲ್ಲಿ ಇಂಗ್ಲೆಂಡಿನಲ್ಲಿ ರಿಪೋರ್ಟ್ ಮಿಲಿಗ್ರಾಂ ಬದಲು ಮಿಲಿಮೋಲ್‌ನಲ್ಲಿ ಬರುತ್ತದೆ. ನನ್ನ ಮಗನ ಕೊಲೆಸ್ಟ್ರಾಲ್ 5.5 ಅಂತ ನೋಡಿ ಅಮ್ಮ ಫೋನಿನಲ್ಲಿ "ಅಷ್ಟು ಕಡಿಮೆನಾ?" ಅಂದರು. ಕೊಲೆಸ್ಟ್ರಾಲ್ ಆದರೆ 38.7ರಿಂದ ಗುಣಿಸಿ, ಅಲ್ಲಿಗೆ 213. ಟ್ರೈಗ್ಲಿಸರೈಡಿಗೆ 88.6. ಊರಿನ ಡಾಕ್ಟರ್‌ಗೆ ರಿಪೋರ್ಟ್ ತೋರಿಸುವವರಿಗೆ ಉಪಯೋಗ ಆಗಲಿ ಅಂತ ಬರೆದೆ. ಇಲ್ಲೂ ನಮಗೆ ಸ್ಟ್ಯಾಟಿನ್ ಕೊಟ್ಟಿಲ್ಲ. ಬಿಪಿಯದ್ದೇ ತಲೆನೋವು ಅವರಿಗೆ, ಪ್ರತಿ ಸಲ ಅದೇ ಮಾತು.

ಮಕ್ಕಳ ಕಿಡ್ನಿ ವಿಭಾಗದವನು:

ಅವರು ಮಾಡುವುದು ಸರಿಯಾಗಿದೆ. ಕೊಲೆಸ್ಟ್ರಾಲ್ ಬಗ್ಗೆ ಕೇಳಲಿಕ್ಕೆ ಬಂದವರಿಗೆ ನಾವು ಬಿಪಿ, ಪ್ರೋಟೀನ್ ಅಂತ ಶುರು ಮಾಡಿದರೆ ಮಾತು ಮರೆಸುತ್ತಿದ್ದಾರೆ ಅನಿಸಬಹುದು. ಆದರೆ ಮಕ್ಕಳಲ್ಲಿ ಗಟ್ಟಿ ಪುರಾವೆ ಇರುವುದು ಅಲ್ಲೇ. ಯುರೋಪಿನ ಎಸ್ಕೇಪ್ ಪ್ರಯೋಗದಲ್ಲಿ 385 ಮಕ್ಕಳಿಗೆ ರಾಮಿಪ್ರಿಲ್ ಎಂಬ ಬಿಪಿ ಔಷಧಿ ಕೊಟ್ಟರು. ಅರ್ಧ ಜನಕ್ಕೆ ಬಿಪಿಯನ್ನು ವಯಸ್ಸಿನ ಮಧ್ಯದ ಮಟ್ಟಕ್ಕಿಂತ ಕೆಳಗೆ ಇಳಿಸಿದರು, ಉಳಿದವರಿಗೆ ಮಾಮೂಲಿ ಮಟ್ಟ. ಐದು ವರ್ಷದಲ್ಲಿ ಬಿಪಿ ಬಿಗಿಯಾಗಿ ಇಳಿಸಿದವರಲ್ಲಿ ಸುಮಾರು 30% ಮಕ್ಕಳ ಕಿಡ್ನಿ ಕೆಟ್ಟಿತು, ಮಾಮೂಲಿ ಗುಂಪಿನಲ್ಲಿ ಸುಮಾರು 42%. 2009ರಲ್ಲಿ ಅಚ್ಚಾಯಿತು. ಸ್ಟ್ಯಾಟಿನ್ ಬಗ್ಗೆ ಇಂಥ ಒಂದು ಲೆಕ್ಕವನ್ನು ಕಿಡ್ನಿ ಮಕ್ಕಳಲ್ಲಿ ನಾನು ತೋರಿಸಲಾರೆ.

ಅಮ್ಮಾ, 118/76 ದೊಡ್ಡವರಿಗೆ ಚೆನ್ನಾಗಿದೆ, ನಿಮ್ಮ ಮಗನಿಗೆ ಜಾಸ್ತಿ. 1.4 ಪ್ರೋಟೀನ್ ಕೂಡ ಜಾಸ್ತಿ, 0.2ರ ಒಳಗಿರಬೇಕು. ಎರಡಕ್ಕೂ ಎನಲಾಪ್ರಿಲ್ ಅಥವಾ ರಾಮಿಪ್ರಿಲ್ ಒಂದೇ ಔಷಧಿ ಕೆಲಸ ಮಾಡುತ್ತದೆ. ಪ್ರೋಟೀನ್ ಇಳಿದರೆ ಲಿಪಿಡ್ ಮೇಲೂ ಪರಿಣಾಮ ಆಗುತ್ತದೆ. ಡಾಕ್ಟರ್ ಹತ್ತಿರ ಹೋದಾಗ ಇದನ್ನೇ ಮೊದಲು ಕೇಳಿ. ಥೈರಾಯ್ಡ್ ಟೆಸ್ಟ್ ಮಾಡಿಲ್ಲದಿದ್ದರೆ ಅದೂ ಆಗಲಿ. ಖಾಲಿ ಹೊಟ್ಟೆಯಲ್ಲಿ ಲಿಪಿಡ್ ಮತ್ತೊಮ್ಮೆ.

ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿದೆಯಾ? ಎಲ್‌ಡಿಎಲ್ 190 ಥರ ಇದ್ದರೆ ಅದು ಕಿಡ್ನಿಯದ್ದಲ್ಲ, ವಂಶದಲ್ಲಿ ಬರುವ ಕೊಲೆಸ್ಟ್ರಾಲ್ ಇರಬಹುದು. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇರುತ್ತದೆ. ಆಗ ಮಾತ್ರ ಮಕ್ಕಳಿಗೂ 8, 10 ವರ್ಷಕ್ಕೇ ಸ್ಟ್ಯಾಟಿನ್ ಕೊಡುತ್ತೇವೆ, ಧೈರ್ಯವಾಗಿ. ಸ್ಟಿರಾಯ್ಡಿಗೆ ಬಗ್ಗದ ನೆಫ್ರೋಟಿಕ್ ಮಕ್ಕಳದೂ ಬೇರೆ ಲೆಕ್ಕ. ಅವರಲ್ಲಿ ಸೋರಿಕೆ ನಿಲ್ಲುವುದೇ ಇಲ್ಲ, ಎಲ್‌ಡಿಎಲ್ ವರ್ಷಗಟ್ಟಲೆ 130ರ ಮೇಲೇ ಇರುತ್ತದೆ. ಅಲ್ಲಿ ಸ್ಟ್ಯಾಟಿನ್ ಯೋಚನೆ ಮಾಡುವುದು ತಪ್ಪಲ್ಲ.

ಮಂಗಳೂರು ತಾಯಿ:

ನಮ್ಮದು ಟ್ರಾನ್ಸ್‌ಪ್ಲಾಂಟ್ ಆದ ಹುಡುಗಿ. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದ ಹಾಗೆ ಟ್ಯಾಕ್ರೊಲಿಮಸ್ ತಗೊಳ್ಳುತ್ತಾಳೆ. ನಡುವೆ ಅದೇ ಕೆಲಸದ ಸಿರೊಲಿಮಸ್‌ಗೆ ಬದಲಾಯಿಸಿದಾಗ ಲಿಪಿಡ್ ದಿಢೀರ್ ಏರಿತು. ಔಷಧಿಯಿಂದಲೂ ಏರುತ್ತದೆ ಅಂತ ಆವಾಗಲೇ ಗೊತ್ತಾದದ್ದು. ದೇವನಹಳ್ಳಿಯಿಂದ ನೆಂಟರು ಚಕ್ಕೋತ ತಂದಿದ್ದರು. ಹಾರ್ಟಿಗೆ ಒಳ್ಳೆಯದು ಅಂತ ತೊಳೆ ಬಿಡಿಸಿ ತಟ್ಟೆಗೆ ಹಾಕಿದರು. ನಮ್ಮ ಆಸ್ಪತ್ರೆಯ ಸಿಸ್ಟರ್ ಮೊದಲೇ ಹೇಳಿದ್ದರು, ಚಕ್ಕೋತ ಮುಟ್ಟಬಾರದು ಅಂತ. ಟ್ಯಾಕ್ರೊಲಿಮಸ್ ಮಟ್ಟ ಏರಿಬಿಡುತ್ತದಂತೆ. ಬೇರೆಯವರೂ ನೋಡಿಕೊಳ್ಳಿ.

ಮಕ್ಕಳ ಕಿಡ್ನಿ ವಿಭಾಗದವನು:

ಸಿಸ್ಟರ್ ಹೇಳಿದ್ದು ನಿಜ. ಆ ಔಷಧಿಯನ್ನು ಒಡೆಯುವ ಕಿಣ್ವವನ್ನು ಚಕ್ಕೋತ ತಡೆಯುತ್ತದೆ. ಸ್ಟ್ಯಾಟಿನ್ ವಿಷಯದಲ್ಲೂ ಇಂಥದೇ ಅಪಾಯ ಇದೆ. ಟ್ಯಾಕ್ರೊಲಿಮಸ್ ಥರದ್ದೇ ಆದ ಸೈಕ್ಲೋಸ್ಪೊರಿನ್ ತಗೊಳ್ಳುವ ಮಗುವಿಗೆ ಸ್ಟ್ಯಾಟಿನ್ ಕೊಟ್ಟರೆ ರಕ್ತದಲ್ಲಿ ಸ್ಟ್ಯಾಟಿನ್ ಹಲವು ಪಟ್ಟು ಏರಬಹುದು. ಸಿಮ್ವಾಸ್ಟ್ಯಾಟಿನ್ ಅಂತೂ ಅದರ ಜೊತೆ ಕೊಡಲೇಬಾರದು. ಸ್ನಾಯು ಕರಗಿ ಕಿಡ್ನಿಗೇ ಏಟು ಬೀಳುತ್ತದೆ. ಸ್ಟ್ಯಾಟಿನ್ ತಗೊಳ್ಳುವ ಮಗು ಕಾಲು ನೋವು ಅಂದರೆ, ಯೂರಿನ್ ಕಪ್ಪು ಚಹಾ ಬಣ್ಣ ಬಂದರೆ ಅವತ್ತೇ ಫೋನ್ ಮಾಡಿ. ನ್ಯೂಜೆರ್ಸಿ ಸರ್, ನಿಮ್ಮ ಮಗಳಿಗೆ 14 ಅಂದಿರಿ. ಗರ್ಭಿಣಿಯಾಗುವ ವಯಸ್ಸಿನಲ್ಲಿ ಈ ಔಷಧಿಯ ಬಗ್ಗೆ ಡಾಕ್ಟರ್ ಮಗಳ ಜೊತೆಯೇ ಒಮ್ಮೆ ಮಾತಾಡಲಿ.

ಸೆವೆಲಾಮರ್ ತಗೊಳ್ಳುವವರಿಗೆ ಒಂದು ಒಳ್ಳೆ ಸುದ್ದಿ ಇದೆ. ಅದು ಫಾಸ್ಫರಸ್ ಇಳಿಸಲಿಕ್ಕೆ ಕೊಡುವ ಪುಡಿ, ಆದರೆ ಎಲ್‌ಡಿಎಲ್ ಅನ್ನೂ ಇಳಿಸುತ್ತದೆ.

ದಾವಣಗೆರೆ ಅಮ್ಮ:

ಬೆಂಗಳೂರಿಗೆ ಹೋಗಿ ಬಂದೆವು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದರು. ಟ್ರೈಗ್ಲಿಸರೈಡ್ 168, ಒಟ್ಟು 205, ಎಚ್‌ಡಿಎಲ್ 37, ಎಲ್‌ಡಿಎಲ್ 134. ಎಲ್‌ಡಿಎಲ್ ಏರಿದೆಯಲ್ಲ ಅಂತ ಗಾಬರಿಯಾಯಿತು. ಆಮೇಲೆ ಲ್ಯಾಬ್ ತಮ್ಮ ಹೇಳಿದ ಸೂತ್ರ ನೆನಪಾಯಿತು. ಡಾಕ್ಟರ್ ಕೂಡ ಅದೇ ಅಂದರು, ಲೆಕ್ಕದ ಆಟ. ಥೈರಾಯ್ಡ್ ಸರಿ ಇದೆ. ಎನಲಾಪ್ರಿಲ್ 2.5 ಇದ್ದದ್ದನ್ನು 5 ಮಾಡಿದರು. ಎರಡು ವಾರ ಬಿಟ್ಟು ಪೊಟ್ಯಾಸಿಯಂ, ಕ್ರಿಯಾಟಿನಿನ್ ಮಾಡಿಸಿ ಕಳಿಸಲಿಕ್ಕೆ ಹೇಳಿದ್ದಾರೆ. 24 ಗಂಟೆ ಬಿಪಿ ಮೆಷಿನ್ ಕಟ್ಟಿ ಕಳಿಸಿದರು, ರಾತ್ರಿ ಅದು ಗುರ್ ಅಂದಾಗೆಲ್ಲ ಹುಡುಗ ಬೈಯುತ್ತಿದ್ದ. ಸ್ಟ್ಯಾಟಿನ್ ಸದ್ಯಕ್ಕೆ ಇಲ್ಲ. ಆರು ತಿಂಗಳ ನಂತರ ಮತ್ತೆ ಲಿಪಿಡ್ ನೋಡಿ, ಆವಾಗಲೂ ಹೀಗೇ ಇದ್ದರೆ ಕೂತು ಮಾತಾಡೋಣ ಅಂದರು. ತುಪ್ಪ ದಿನಕ್ಕೆ ಒಂದು ಚಮಚ ವಾಪಸ್ ಬಂತು, ಮೊಟ್ಟೆಯೂ ಬಂತು. ಹಾಲಿನ ಪುಡಿ, ಗ್ಲೂಕೋಸ್ ಹೋಯಿತು. ಉಪ್ಪು ಹಾಗೇ ಇರಲಿ ಅಂದರು.

ಊರಿನ ಡಾಕ್ಟರ್‌ಗೂ ಪತ್ರ ಕೊಟ್ಟಿದ್ದಾರೆ. ಮಾವನವರಿಗೆ ನೀವು ಬರೆದದ್ದನ್ನು ಓದಿ ಹೇಳಿದೆ. "ಹಾಗಾದರೆ ನನ್ನದು ದೊಡ್ಡವರ ಪುಟ" ಅಂದು ಸುಮ್ಮನಾದರು.

ಹಾವೇರಿ ಅಪ್ಪ:

ಒಳ್ಳೆಯದಾಯಿತು ಅಕ್ಕ. ನನ್ನದೊಂದು ಪ್ರಶ್ನೆ. ನನ್ನ ಮಗಳಿಗೆ ನಾಲ್ಕು ವರ್ಷ, ಎರಡನೇ ಹಂತ. 12 ಗಂಟೆ ಉಪವಾಸ ಇರಿಸಲಿಕ್ಕೆ ಆಗುತ್ತಿಲ್ಲ, ಬೆಳಿಗ್ಗೆ ಎದ್ದ ಕೂಡಲೇ ಅಳುತ್ತಾಳೆ. ಏನು ಮಾಡುವುದು?

ಲ್ಯಾಬ್ ಹುಡುಗ:

ಅಣ್ಣಾ, ಉಪವಾಸ ಹಾಕದೆಯೇ ಒಮ್ಮೆ ಮಾಡಿಸಿ. ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್ ಎರಡೂ ಊಟದಿಂದ ಜಾಸ್ತಿ ಬದಲಾಗುವುದಿಲ್ಲ. ಒಂದರಲ್ಲಿ ಇನ್ನೊಂದು ಕಳೆದರೆ ಸಿಗುವುದು ನಾನ್ ಎಚ್‌ಡಿಎಲ್. ಅದು 145ರ ಒಳಗಿದ್ದು, ಟ್ರೈಗ್ಲಿಸರೈಡೂ ತೀರಾ ಜಾಸ್ತಿ ಇಲ್ಲದಿದ್ದರೆ ಉಪವಾಸದ ಟೆಸ್ಟ್ ಬೇಕಾ ಅಂತ ಡಾಕ್ಟರನ್ನೇ ಕೇಳಿ. ಜಾಸ್ತಿ ಬಂದರೆ ಮಾತ್ರ ಮಗುವನ್ನು ಅಳಿಸುವ ಯೋಚನೆ ಮಾಡಿ. ಆವಾಗಲೂ ರಾತ್ರಿ ಊಟ ಸ್ವಲ್ಪ ತಡವಾಗಿ ಕೊಟ್ಟು, ಬೆಳಿಗ್ಗೆ ಲ್ಯಾಬ್ ಬಾಗಿಲು ತೆಗೆಯುವ ಹೊತ್ತಿಗೇ ಬನ್ನಿ. ನೀರು ಕುಡಿಯಬಹುದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಬುತ್ತಿ ಕೈಯಲ್ಲೇ ಇರಲಿ, ಸೂಜಿ ತೆಗೆದ ಕೂಡಲೇ ತಿನ್ನಿಸಿ.